ನೆರಳು ತಲೆಕೆಳಗಾದರೆ ಗೋಪುರ ಬೀಳುವುದಿಲ್ಲ



ಹಂಪಿಯ ವಿರೂಪಾಕ್ಷನ ದರ್ಶನಕ್ಕೆ ಹೋದವರಲ್ಲಿ ಬಹಳಷ್ಟು ಜನ ಗರ್ಭಗುಡಿಯ ಹಿಂಬದಿಯ ಕತ್ತಲೆ ಕೋಣೆಗೂ ಹೋಗಿ ಬಂದಿರುತ್ತೀರಿ. ಅಲ್ಲಿ ಗೋಡೆಯಲ್ಲೊಂದು ಸಣ್ಣ ಕಿಂಡಿ. ಆ ಕಿಂಡಿಯಿಂದ ಬಂದ ಬೆಳಕಿನಲ್ಲಿ ಎದುರಿನ ಗೋಡೆಯ ಮೇಲೆ ಪೂರ್ವದ ಮಹಾಗೋಪುರದ ನೆರಳು ಮೂಡುತ್ತದೆ. ಆದರೆ ತಲೆಕೆಳಗಾಗಿ! ಬುಡ ಮೇಲೆ, ಕಳಸ ಕೆಳಗೆ. ಇದರಲ್ಲಿ ಮಾಟವಿಲ್ಲ, ಮಂತ್ರವಿಲ್ಲ. ಬೆಳಕು ಯಾವಾಗಲೂ ನೆಟ್ಟಗೆ ಸಾಗುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿಯಲ್ಲಿ ತೂರಿ ಗೋಡೆಯ ಕೆಳಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಏರುತ್ತದೆ. ಕಿಂಡಿ ಚಿಕ್ಕದು, ಕೋಣೆ ಕತ್ತಲು. ಆದ್ದರಿಂದ ನೆರಳು ತಿರುವುಮುರುವು.

ಆ ನೆರಳನ್ನು ನೋಡಿದ ಮಕ್ಕಳು ಒಂದು ಕೆಲಸ ಮಾಡುತ್ತಾರೆ. ಓಡಿ ಹೊರಗೆ ಬಂದು, ಕತ್ತೆತ್ತಿ ಗೋಪುರವನ್ನು ನೋಡುತ್ತಾರೆ. ಒಂಬತ್ತು ಅಂತಸ್ತಿನ ಗೋಪುರ ನೆಟ್ಟಗೆ ನಿಂತಿರುತ್ತದೆ. ನೆರಳು ಹೇಗೇ ಬಿದ್ದರೂ ಗೋಪುರ ಬೀಳಲಿಲ್ಲ ಎಂದು ಅವರಿಗೆ ನಂಬಿಕೆ ಬರುತ್ತದೆ. ಈ ಒಂದು ಕೆಲಸವನ್ನು ನಾವು ದೊಡ್ಡವರು ಮಾಡುವುದಿಲ್ಲ. ಊರವರ ಕಣ್ಣಿನ ಗೋಡೆಯ ಮೇಲೆ ಬಿದ್ದ ನಮ್ಮ ನೆರಳನ್ನೇ ನೋಡಿಕೊಂಡು, ಅದೇ ನಾನು ಎಂದು ತಿಳಿದು, ಹಿಗ್ಗುತ್ತೇವೆ ಇಲ್ಲವೇ ಕುಗ್ಗುತ್ತೇವೆ. ಹೊರಗೆ ಬಂದು ಗೋಪುರವನ್ನು ನೋಡುವುದೇ ಇಲ್ಲ.

ಮನುಷ್ಯನಿಗೆ ತನ್ನ ಮುಖ ತನಗೆ ಕಾಣದು. ಅದು ದೇವರು ಇಟ್ಟ ಕಟ್ಟಳೆ. ಹುಟ್ಟಿದ ಕೂಸು ಮೊದಲು ತನ್ನನ್ನು ಕಾಣುವುದು ತಾಯಿಯ ಕಣ್ಣಿನಲ್ಲಿ. ಆಕೆ ನಕ್ಕರೆ ನಾನು ಒಳ್ಳೆಯವನು, ಆಕೆ ಗದರಿದರೆ ನಾನು ಕೆಟ್ಟವನು. ಆಮೇಲೆ ಓಣಿ, ಆಮೇಲೆ ಶಾಲೆ, ಆಮೇಲೆ ಊರ ಕಟ್ಟೆ. ಒಂದೊಂದು ಕಡೆಯೂ ಒಂದೊಂದು ಕನ್ನಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ ಎಂಬುವರು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಕನ್ನಡಿಗೆ ಹೋಲಿಸಿದರು. ಇದರಲ್ಲಿ ಮೂರು ಹೆಜ್ಜೆಗಳಿವೆ ಎಂಬುದು ಅವರ ವಿಚಾರ. ಎದುರಿನವನಿಗೆ ನಾನು ಹೇಗೆ ಕಾಣುತ್ತಿದ್ದೇನೆ ಎಂದು ಮನಸ್ಸು ಊಹಿಸುತ್ತದೆ. ಕಂಡದ್ದನ್ನು ಅವನು ಹೇಗೆ ತೂಗುತ್ತಿದ್ದಾನೆ ಎಂದು ಊಹಿಸುತ್ತದೆ. ಆ ಊಹೆಯ ಮೇಲೆ ಹೆಮ್ಮೆಯೋ ನಾಚಿಕೆಯೋ ಹುಟ್ಟುತ್ತದೆ. ಗಮನಿಸಿರಿ, ಮೂರರಲ್ಲಿ ಎರಡು ಬರಿಯ ಊಹೆ! ಊಹೆಯ ಮೇಲೆ ಕಟ್ಟಿದ ಮನೆಯಲ್ಲಿ ನಾವು ಜೀವಮಾನವೆಲ್ಲ ವಾಸ ಮಾಡುತ್ತೇವೆ.

"ನಾಲ್ಕು ಜನ ಏನಂದಾರು?" ಎಂಬ ಒಂದು ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಜೀವಗಳನ್ನು ಹಿಂಡಿದೆ ಎಂಬುದನ್ನು ಹಿರಿಯರಾದ ನೀವೇ ಬಲ್ಲಿರಿ. ಕಾಲುವೆಗೆ ನೀರು ಬಾರದೆ ಭತ್ತ ಒಣಗಿತು, ಸಾಲ ನಿಂತಿತು, ಮನೆಗೆ ನೋಟೀಸು ಬಂತು. ರೈತನಿಗೆ ಸಾಲ ಭಾರವೇ ಸರಿ. ಆದರೆ ಅದಕ್ಕಿಂತ ಭಾರವಾದದ್ದು ಚಹದಂಗಡಿಯ ಮುಂದೆ ಹಾದುಹೋಗುವಾಗ ಮಾತು ನಿಂತು ಬೆನ್ನ ಮೇಲೆ ಬೀಳುವ ಆ ಕಣ್ಣುಗಳು. ಅವನು ಸಂಜೆ ಕಟ್ಟೆಗೆ ಬರುವುದನ್ನು ಬಿಡುತ್ತಾನೆ, ಮದುವೆ ಮುಂಜಿಗೆ ಹೋಗುವುದನ್ನು ಬಿಡುತ್ತಾನೆ. ಕೊನೆಗೆ ಬದುಕುವುದನ್ನೇ ಬಿಟ್ಟವರೂ ಇದ್ದಾರೆ. ಸಾಲಕ್ಕೆ ಲೆಕ್ಕವಿದೆ, ಕಣ್ಣಿಗೆ ಲೆಕ್ಕವಿಲ್ಲ. ಈಗಂತೂ ಕಟ್ಟೆ ಮೊಬೈಲಿನೊಳಗೇ ಬಂದು ಕುಳಿತಿದೆ. ಹುಡುಗರು ಒಂದು ಫೋಟೋ ಹಾಕಿ, ಎಷ್ಟು ಜನ ಮೆಚ್ಚಿದರು ಎಂದು ಗಳಿಗೆಗೊಮ್ಮೆ ನೋಡುತ್ತಾರೆ. ನಮ್ಮ ಕಾಲದಲ್ಲಿ ನಾಲ್ಕು ಜನ, ಅವರಿಗೆ ನಾನೂರು ಜನ. ರೋಗ ಮಾತ್ರ ಒಂದೇ.

ಹಾಗಾದರೆ ಜನರ ಕಣ್ಣನ್ನು ಲೆಕ್ಕಕ್ಕೇ ಇಡಬಾರದೇ? ಪ್ರವಚನಗಳಲ್ಲಿ ನಾವು ಸಾಮಾನ್ಯವಾಗಿ ಹಾಗೆಯೇ ಹೇಳಿಬಿಡುತ್ತೇವೆ. "ನಿಂದೆಗೆ ಕುಗ್ಗಬೇಡಿ, ಸ್ತುತಿಗೆ ಹಿಗ್ಗಬೇಡಿ" ಎನ್ನುತ್ತೇವೆ. ಮಾತು ಸತ್ಯ, ಆದರೆ ಅರ್ಧ ಸತ್ಯ. ಸಂಸಾರದಲ್ಲಿರುವ ಮನುಷ್ಯ ಇತರರ ಕಣ್ಣಿಲ್ಲದೆ ಬದುಕಲಾರ. ಬಾಕಿ ಅರ್ಧವನ್ನು ಇಂದು ಹೇಳಬೇಕೆನಿಸಿದೆ. ಅದಕ್ಕೆ ನಮ್ಮದೇ ಸೀಮೆಯ ಕಥೆಗಳು ಸಾಕು.

ಕಂಪ್ಲಿಯ ಕಡೆಯ ಹಿರಿಯರಿಗೆ ಕುಮಾರರಾಮನ ಕಥೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಈ ಭಾಗವನ್ನು ಆಳಿದ ಕಂಪಿಲರಾಯನ ಮಗ. ನಂಜುಂಡ ಕವಿ ಅವನ ಮೇಲೆ ಸಾಂಗತ್ಯ ಕಾವ್ಯವನ್ನೇ ರಚಿಸಿದ್ದಾನೆ. ಜನ ಅವನಿಗೆ ಕೊಟ್ಟ ಬಿರುದು ಪರನಾರೀ ಸಹೋದರ. ಚೆಂಡಾಟದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬಿತ್ತು. ತರಲು ಹೋದ ರಾಮನಲ್ಲಿ ಆಕೆ ಮನಸ್ಸಿಟ್ಟಳು. ಅವನು ಒಲ್ಲೆನೆಂದಾಗ ಅವನ ಮೇಲೇ ಅಪವಾದ ಹೊರಿಸಿದಳು. ರಾಯ ವಿಚಾರಿಸಲಿಲ್ಲ, ಮಗನ ತಲೆ ತೆಗೆಯಲು ಅಪ್ಪಣೆ ಕೊಟ್ಟ. ಒಂದೇ ರಾತ್ರಿಯಲ್ಲಿ ತಂದೆಯ ಕಣ್ಣಿನಲ್ಲಿ ಗೋಪುರ ತಲೆಕೆಳಗಾಯಿತು.

ಆಗ ಅವನನ್ನು ಉಳಿಸಿದ್ದು ಯಾವುದು? ಬಿರುದು ಕೊಟ್ಟ ಜನವಲ್ಲ, ಜೊತೆಗೆ ಹೋರಾಡಿದ ಸೈನ್ಯವಲ್ಲ. ಮಂತ್ರಿ ಬೈಚಪ್ಪನೊಬ್ಬನೇ. "ಈ ಹುಡುಗನನ್ನು ನಾನು ಬಲ್ಲೆ, ಇವನು ಅಂಥವನಲ್ಲ" ಎಂದು ಅವನ ಮನಸ್ಸು ಹೇಳಿತು. ರಾಯನಿಗೆ ಬೇರೊಂದು ತಲೆ ತೋರಿಸಿ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟನೆಂದು ಕಥೆ ಹೇಳುತ್ತದೆ. ಮುಂದೆ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ದಂಡು ಬಂದಾಗ, ಸತ್ತನೆಂದು ತಿಳಿದಿದ್ದ ಮಗನೇ ಎದ್ದು ಬಂದು ನಾಡಿಗಾಗಿ ಕಾದಿದ. 1327ರ ಆ ಯುದ್ಧದಲ್ಲಿ ಕಂಪಿಲ ರಾಜ್ಯ ಅಳಿಯಿತು. ರಾಜ್ಯ ಉಳಿಯಲಿಲ್ಲ, ಆದರೆ ರಾಮನ ಹೆಸರು ಉಳಿಯಿತು. ಇಂದಿಗೂ ಜನ ಅವನನ್ನು ಪೂಜಿಸುತ್ತಾರೆ. ನೆಲಮನೆಯ ಕತ್ತಲಲ್ಲಿ ಕುಳಿತ ಆ ತರುಣನನ್ನು ಒಮ್ಮೆ ನೆನೆಯಿರಿ. ಹೆತ್ತ ತಂದೆಯೇ ನಿನ್ನನ್ನು ಪಾಪಿ ಎಂದಾಗ, ನಾನು ನಿಜಕ್ಕೂ ಪಾಪಿಯೇ ಇರಬೇಕು ಎಂಬ ಭ್ರಮೆ ಎಂಥವನಿಗೂ ಹುಟ್ಟುತ್ತದೆ. ಆ ಭ್ರಮೆ ಬಾರದಂತೆ ಕಾದದ್ದು ಬೈಚಪ್ಪನ ಎರಡು ಕಣ್ಣು. ಊರೆಲ್ಲ ತಿರುವುಮುರುವಾಗಿ ನೋಡಿದರೂ ಸರಿ, ಒಬ್ಬ ನೆಟ್ಟಗೆ ನೋಡಿದರೆ ಮನುಷ್ಯ ನೆಟ್ಟಗೆ ನಿಲ್ಲಬಲ್ಲ.

ನಿಂದೆಯ ಕನ್ನಡಿಯ ಹಾಗೆ ಹೊಗಳಿಕೆಯ ಕನ್ನಡಿಯೂ ಸುಳ್ಳು ಹೇಳುತ್ತದೆ. ಇದನ್ನು ಸಂಡೂರು, ಹೊಸಪೇಟೆ ಸುತ್ತಿನ ಜನ ಕಣ್ಣಾರೆ ಕಂಡಿದ್ದಾರೆ. ಅದಿರಿಗೆ ಬಂಗಾರದ ಬೆಲೆ ಬಂದ ಆ ಕೆಲವು ವರ್ಷಗಳಲ್ಲಿ, ಜೋಳ ಬಿತ್ತುತ್ತಿದ್ದ ಹೊಲಗಳು ಅದಿರು ಗುಡ್ಡೆ ಹಾಕುವ ಜಾಗಗಳಾದವು. ರೈತರು ಸಾಲ ತೆಗೆದು ಲಾರಿ ಕೊಂಡರು. ನಿನ್ನೆಯ ತನಕ "ಏ ಬಾರೋ" ಎನಿಸಿಕೊಂಡವನು "ಬರ್ರೀ ಸಾಹುಕಾರ್ರೇ" ಎನಿಸಿಕೊಂಡ. ಕುರ್ಚಿ ಸಿಕ್ಕಿತು, ಹಾರ ಸಿಕ್ಕಿತು. ಅವನೂ ನಂಬಿದ, ತಾನು ಬೇರೆಯೇ ಆದೆನೆಂದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತವು, ಕಂತು ಕಟ್ಟಲಾಗದೆ ಕೆಲವು ಹೋದವು. ಕೆಂಪು ಧೂಳು ಇಳಿದ ಹಾಗೆ ಗೌರವವೂ ಇಳಿಯಿತು. ಅವನ ಕೈಕಾಲು ಅವೇ, ಬುದ್ಧಿ ಅದೇ, ಬದಲಾದದ್ದು ನೋಡುವವರ ಕಣ್ಣು. ಆದರೆ ಆ ಕಣ್ಣಿನಲ್ಲೇ ಮನೆ ಮಾಡಿಕೊಂಡವನಿಗೆ ಹಳೆಯ ಹೊಲಕ್ಕೆ ಮರಳುವುದೂ ನಾಚಿಕೆಯಾಯಿತು. ಲಾರಿ ಹೋದದ್ದಕ್ಕಿಂತ ಇದು ದೊಡ್ಡ ನಷ್ಟ.

ಇನ್ನೊಂದು ಮಾತನ್ನು ಭಯದಿಂದಲೇ ಹೇಳಬೇಕಾಗಿದೆ. ಪ್ರೀತಿಸುವವರ ಕಣ್ಣು ಕೂಡ ತಪ್ಪಬಹುದು. ಹಿರಿಯರ ಕಣ್ಣು ತಪ್ಪಬಹುದು, ಗುರುವಿನ ಕಣ್ಣೂ ತಪ್ಪಬಹುದು. ಹಂಪಿಯ ಹರಿಹರ ಮಹಾಕವಿ ಶಿವಶರಣರ ರಗಳೆಗಳನ್ನು ಬರೆದವನು, ಮರ್ತ್ಯರನ್ನು ಹೊಗಳಿ ಹಾಡಬಾರದೆಂಬ ವ್ರತವುಳ್ಳವನು. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ಹರಿಶ್ಚಂದ್ರನ ಕಾವ್ಯವನ್ನು ಬರೆದು ತಂದಾಗ, ಮನುಷ್ಯನಾದ ರಾಜನನ್ನು ಹಾಡಿದೆಯಾ ಎಂದು ಮಾವ ಕೆರಳಿ ಹೊಡೆದನೆಂದೂ, ಅಳಿಯನ ಹಲ್ಲುಗಳು ಉದುರಿದವೆಂದೂ ಪ್ರತೀತಿ. ಆಮೇಲೆ ಶಿವಭಕ್ತರ ಕಾವ್ಯಗಳನ್ನು ಬರೆಯಲು ಹಲ್ಲು ಮತ್ತೆ ಬಂದವಂತೆ. ನಾವು ಈ ಕಥೆಯನ್ನು ಗುರುವಿನ ನಿಷ್ಠೆಗೆ ಉದಾಹರಣೆಯಾಗಿ ಹೇಳುತ್ತ ಬಂದಿದ್ದೇವೆ. ಆದರೆ ಏಳೆಂಟು ನೂರು ವರ್ಷಗಳ ನಂತರ ಕನ್ನಡನಾಡು ರಾಘವಾಂಕನ ಯಾವ ಕೃತಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತು ಮೆರೆಯುತ್ತಿದೆ? ಪೆಟ್ಟು ತಿಂದ ಆ ಹರಿಶ್ಚಂದ್ರ ಕಾವ್ಯವನ್ನೇ! ಸತ್ಯಕ್ಕಾಗಿ ಸುಡುಗಾಡು ಕಾದವನ ಆ ಕಥೆಯಲ್ಲಿ ಶಿವನಿದ್ದಾನೆ ಎಂದು ಓದಿದವರಿಗೆ ಅನ್ನಿಸುತ್ತದೆ. ಹರಿಹರನ ಭಕ್ತಿ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೂ ಆ ಒಂದು ಗಳಿಗೆಯಲ್ಲಿ ಅವನ ಕಿಂಡಿ ಚಿಕ್ಕದಾಗಿತ್ತು. ಅಂಥ ಮಹಾನುಭಾವನಿಗೇ ಹೀಗಾದರೆ, ಮಕ್ಕಳ ಮೇಲೆ ಕೈಯೆತ್ತುವ, ನಾಲಗೆ ಎತ್ತುವ ನಾವು ಎಷ್ಟರವರು?

ಮಠಕ್ಕೆ ಮಕ್ಕಳನ್ನು ಕರೆತರುವ ಹಿರಿಯರಲ್ಲಿ ಒಂದು ರೂಢಿ ಕಾಣುತ್ತದೆ. "ನಿನ್ನ ಹೆಸರೇನಪ್ಪಾ?" ಎಂದು ಹುಡುಗನನ್ನು ಕೇಳಿದರೆ ಅವನು ಬಾಯಿ ತೆರೆಯುವ ಮುನ್ನವೇ ತಾತ ಹೇಳಿಬಿಡುತ್ತಾನೆ: "ಇವ ಶುದ್ಧ ದಡ್ಡ ಬುದ್ಧೀ, ತಲೆಗೆ ಏನೂ ಹತ್ತಂಗಿಲ್ಲ. ಇವರಣ್ಣ ಶಾಣ್ಯಾ." ಹುಡುಗ ತಲೆ ತಗ್ಗಿಸುತ್ತಾನೆ. ಹೆಸರು ಕೇಳಿದರೆ ಅವನಿಗೆ ಸಿಕ್ಕಿದ್ದು ಬೇರೆಯೇ ಹೆಸರು. ಅದೇ ಹುಡುಗನನ್ನು ಹೊರಗೆ ಜಗುಲಿಯ ಮೇಲೆ ಮಾತಾಡಿಸಿ ನೋಡಿ. ಯಾವ ತೂಬಿನಿಂದ ಯಾರ ಗದ್ದೆಗೆ ಯಾವ ದಿನ ನೀರಿನ ಪಾಳಿ, ಬಾಳೆಯ ಕಂದು ಎಷ್ಟು ತಿಂಗಳಿಗೆ ಗೊನೆ ಹಾಕುತ್ತದೆ ಎಂಬುದನ್ನೆಲ್ಲ ಪಟಪಟನೆ ಹೇಳುತ್ತಾನೆ. ಆದರೆ ತಾತನ ಎದುರಿಗೆ ಬಾಯಿ ಕಟ್ಟುತ್ತದೆ. ಏಕೆಂದರೆ ಅಲ್ಲಿ ಅವನು ದಡ್ಡ. ತಾತ ಕೆಟ್ಟವನಲ್ಲ, ಮೊಮ್ಮಗನ ಮೇಲೆ ಪ್ರಾಣ ಇಟ್ಟವನು. ಅದಕ್ಕೇ ಆ ಮಾತಿನ ಏಟು ಹೆಚ್ಚು. ಪರರು ಆಡಿದ ಮಾತು ಚರ್ಮಕ್ಕೆ ತಾಗುತ್ತದೆ, ನಮ್ಮವರು ಆಡಿದ ಮಾತು ಎಲುಬಿಗೆ ಇಳಿಯುತ್ತದೆ.

ಈಗ ನಮ್ಮ ಕಾಲದ, ನಮ್ಮ ನೆಲದ ಒಬ್ಬರ ಮಾತು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿದ ಜೀವ, ಒಳಗೆ ಹೆಣ್ಣಿನ ಮನಸ್ಸು. ಮನೆಯವರು ಗದರಿದರು, ಓಣಿಯವರು ನಕ್ಕರು. ಕೊನೆಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿ ಜೋಗತಿಯಾದದ್ದಾಯಿತು. ಮನೆ ಬಿಟ್ಟು ಭಿಕ್ಷೆ ಬೇಡಿದರು. ವಿಷ ಕುಡಿದು ಸಾಯಲೂ ಹೊರಟಿದ್ದರು. ಎಲ್ಲರ ಕಣ್ಣೂ ಒಂದೇ ಮಾತು ಹೇಳುತ್ತಿದ್ದಾಗ ಯಾರಿಗೆ ತಾನೇ ಬದುಕಬೇಕೆನಿಸುತ್ತದೆ? ಅವರೇ ಮಂಜಮ್ಮ ಜೋಗತಿ. ಅವರನ್ನು ಕೈಹಿಡಿದದ್ದು ಜೋಗತಿ ನೃತ್ಯ, ಮತ್ತು ಅವರಲ್ಲಿ ಕಲಾವಿದೆಯನ್ನು ಕಂಡ ಕಣ್ಣುಗಳು. ಕಾಳವ್ವ ಜೋಗತಿಯವರ ಮೇಳದಲ್ಲಿ ಸೇರಿಕೊಂಡರು, ಅವರ ನಂತರ ಮೇಳವನ್ನು ತಾವೇ ನಡೆಸಿದರು. ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿ ಅವರ ನೆಲೆಯಾಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು.

ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದದ್ದನ್ನು ನೀವು ಟೀವಿಯಲ್ಲಿ ನೋಡಿರಬಹುದು. ಪ್ರಶಸ್ತಿ ಪಡೆಯಲು ಹೋದ ಮಂಜಮ್ಮ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ತಟ್ಟಿತು. ಇದರ ತಾತ್ಪರ್ಯವನ್ನು ಯೋಚಿಸಿರಿ. ಬದುಕಿನುದ್ದಕ್ಕೂ ಊರಿನ ಕೆಟ್ಟ ಕಣ್ಣು ಹೊತ್ತವರು, ದೇಶದ ಮೊದಲ ಪ್ರಜೆಗೆ ತಾಕಿದ ಕಣ್ಣನ್ನು ತೆಗೆದು ಎಸೆದರು! ಪ್ರಶಸ್ತಿ ಕೊಟ್ಟ ಮೇಲೆ ನಾವೆಲ್ಲರೂ ಅವರನ್ನು ಅಮ್ಮಾ ಎಂದೆವು. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪ್ರಶಸ್ತಿ ಬಾರದೆ ಹೋಗಿದ್ದರೆ ಏನನ್ನುತ್ತಿದ್ದೆವು? ಇಂದಿಗೂ ಹುಲಿಗಿಯ ಜಾತ್ರೆಯಲ್ಲಿ, ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಎದುರಾಗುವ, ಪದಕವಿಲ್ಲದ ಮಂಜಮ್ಮಂದಿರನ್ನು ಏನೆಂದು ಕರೆಯುತ್ತಿದ್ದೇವೆ?

ಕರೆಯುವುದು ಸಣ್ಣ ಕೆಲಸವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದ ಕ್ರಾಂತಿಯನ್ನು ನಾವು ದೊಡ್ಡ ದೊಡ್ಡ ಮಾತುಗಳಲ್ಲಿ ವರ್ಣಿಸುತ್ತೇವೆ. ಆದರೆ ಅದರ ಒಂದು ಗುಟ್ಟು ಶರಣರ ಹೆಸರುಗಳಲ್ಲೇ ಇದೆ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ. ಯಾವ ಕಸುಬಿನ ಹೆಸರು ಹಿಡಿದು ಊರು ಕೀಳಾಗಿ ನೋಡುತ್ತಿತ್ತೋ, ಆ ಕಸುಬನ್ನು ಮುಚ್ಚಿಡಲಿಲ್ಲ. ಅದರ ಮುಂದೆ ಒಂದು ಅಯ್ಯ, ಒಂದು ಅಣ್ಣ, ಒಂದು ಅಮ್ಮ ಸೇರಿಸಿದರು, ಅಷ್ಟೇ. ದಿನಕ್ಕೆ ನೂರು ಬಾರಿ ಅಯ್ಯಾ ಎನಿಸಿಕೊಂಡವನ ಬೆನ್ನು ತಾನಾಗಿ ನೆಟ್ಟಗಾಯಿತು, ಅವನ ಬಾಯಿಂದ ವಚನ ಹೊರಟಿತು. ಅವರ ನಡುವೆ ಸೂಳೆ ಸಂಕವ್ವ ಎಂಬ ಶರಣೆಯೂ ಇದ್ದಳು. ಆಕೆ ತನ್ನ ವಚನಕ್ಕೆ ಇಟ್ಟುಕೊಂಡ ಅಂಕಿತ ನಿರ್ಲಜ್ಜೇಶ್ವರ. ಲೋಕ ತನ್ನ ಮೇಲೆ ಹೊರಿಸಿದ ಲಜ್ಜೆಯನ್ನು ದೇವರ ಪಾದದಲ್ಲಿಟ್ಟು ಹಗುರಾದವಳು. ಸಂಕವ್ವೆಯನ್ನು ಪೂಜಿಸುವ ನಾವು, ನಮ್ಮ ಸೀಮೆಯ ದೇವದಾಸಿ ತಾಯಂದಿರ ಮಕ್ಕಳನ್ನು "ನಿಮ್ಮಪ್ಪ ಯಾರೋ?" ಎಂದು ಇಂದಿಗೂ ಕೇಳುತ್ತೇವೆ. ಮುತ್ತು ಕಟ್ಟುವುದನ್ನು ತಡೆಯಲು 1982ರಲ್ಲೇ ಕಾಯಿದೆ ಆಯಿತು. ಕೊರಳಿಗೆ ಕಟ್ಟುವುದನ್ನು ಕಾಯಿದೆ ತಡೆಯಬಹುದು, ನಮ್ಮ ಕಣ್ಣಿಗೆ ಕಟ್ಟಿದ ಪೊರೆಯನ್ನು ತೆಗೆಯುವುದು ಅದರ ಕೈಯಲ್ಲಿಲ್ಲ.

ಆದ್ದರಿಂದ ಭಕ್ತ ಬಂಧುಗಳೇ, ಇಷ್ಟು ದಿನ ನಾವು ಕೇಳಿಕೊಂಡ ಪ್ರಶ್ನೆ, "ಜನ ನನ್ನನ್ನು ಹೇಗೆ ನೋಡುತ್ತಾರೆ?" ಎಂಬುದು. ಅದನ್ನು ತಿರುಗಿಸಿ ಕೇಳಿಕೊಳ್ಳೋಣ: "ನಾನು ಜನರನ್ನು ಹೇಗೆ ನೋಡುತ್ತಿದ್ದೇನೆ?" ನನ್ನ ಮುಖವನ್ನು ಪರರ ಕಣ್ಣಿನಲ್ಲಿ ಹುಡುಕುವ ನಾನು, ಪರರ ಮುಖಕ್ಕೆ ಎಂಥ ಕನ್ನಡಿ ಹಿಡಿದಿದ್ದೇನೆ? ಊರ ಬಾಯಿ ನಮ್ಮ ಅಧೀನವಲ್ಲ, ನಮ್ಮ ಬಾಯಿ ನಮ್ಮ ಅಧೀನ. ಊರ ಕಣ್ಣನ್ನು ತಿದ್ದಲಾರೆವು, ನಮ್ಮ ಎರಡು ಕಣ್ಣನ್ನು ತಿದ್ದಬಲ್ಲೆವು. ಆ ಎರಡು ಕಣ್ಣು ಯಾರೋ ಒಬ್ಬರಿಗೆ ಬೈಚಪ್ಪನ ಕಣ್ಣಾಗಬಹುದು.

ಹಿರಿಯರಿಗೆ ಒಂದು ಮಾತು. ವಯಸ್ಸಾದಂತೆ ನಮ್ಮನ್ನು ಮಾತಾಡಿಸುವವರು ಕಡಿಮೆಯಾಗುತ್ತಾರೆ. ಒಂದು ಕಾಲಕ್ಕೆ ಮನೆಯಲ್ಲಿ ನಮ್ಮನ್ನು ಕೇಳದೆ ಬಿತ್ತನೆ ನಡೆಯುತ್ತಿರಲಿಲ್ಲ. ಈಗ ಎತ್ತು ಮಾರಿದ ಮೇಲೆ ಸುದ್ದಿ ಬರುತ್ತದೆ. ಆಗ, ನಾನು ಇದ್ದೂ ಇಲ್ಲದವನಾದೆ ಎನಿಸುವುದು ಸಹಜ. ಇಂಥ ಹೊತ್ತಿಗೇ ಇಷ್ಟಲಿಂಗವಿರುವುದು. ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ನೋಡುವಾಗ, ಆ ಕಪ್ಪು ಕಂತಿಯ ಹೊಳಪಿನಲ್ಲಿ ದೀಪದ ಬೆಳಕು ಕಾಣುತ್ತದೆ. ನಾವು ಸಾಹುಕಾರರೋ ಸಾಲಗಾರರೋ, ಶಾಣ್ಯರೋ ದಡ್ಡರೋ ಎಂಬುದು ಅಲ್ಲಿ ಕಾಣುವುದಿಲ್ಲ. ನಮ್ಮನ್ನು ತೂಗದೆ ನೋಡುವ ಒಂದೇ ಕನ್ನಡಿ ಅದು. ಅಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಕುಳಿತು ಎದ್ದವನಿಗೆ ಚಹದಂಗಡಿಯ ಮುಂದೆ ಹಾದುಹೋಗುವ ಧೈರ್ಯ ಬರುತ್ತದೆ. ಪೂಜೆ ಮುಗಿಸಿ ಎದ್ದ ಕಣ್ಣು ಅದೇ ರೀತಿ ತೂಗದೆ ಎದುರಿನವರನ್ನು ನೋಡಿದರೆ, ಆಗ ಪೂಜೆ ಪೂರ್ತಿಯಾಯಿತು. ಇಲ್ಲವಾದರೆ ಅರ್ಧಕ್ಕೇ ನಿಂತಿತು.

ಇಂದು ಸಂಜೆ ಮೂರು ಕೆಲಸ ಮಾಡಿರಿ. ಕಟ್ಟೆಗೆ ಬರುವುದನ್ನು ನಿಲ್ಲಿಸಿರುವ ಒಬ್ಬನ ಮನೆಗೆ ಹೋಗಿ, ಸಾಲದ ಸುದ್ದಿ ಎತ್ತದೆ, ಮಳೆ ಬೆಳೆಯ ಮಾತಾಡಿ ಒಂದು ಲೋಟ ನೀರು ಕುಡಿದು ಬನ್ನಿರಿ. ಇಷ್ಟು ದಿನ ಏಕವಚನದಲ್ಲಿ ಕೂಗುತ್ತಿದ್ದ ಒಬ್ಬರನ್ನು, ಅವರು ಯಾರೇ ಇರಲಿ, ಅಣ್ಣಾ ಎನ್ನಿರಿ, ಅವ್ವಾ ಎನ್ನಿರಿ. ಇನ್ನು ಮನೆಯ ಮೊಮ್ಮಗನ ಹೆಸರನ್ನು ಯಾರಾದರೂ ಕೇಳಿದರೆ, ನೀವು ಬಾಯಿ ತೆರೆಯಬೇಡಿರಿ. ಅವನೇ ಹೇಳಲಿ.